ಕಾಯಕವೇ ಕೈಲಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ಆಟೋ ಹಿಂದೆ ನೋಡಿ, ಸರ್ಕಾರಿ ಕಚೇರಿಯ ಗೋಡೆ ನೋಡಿ, ಅಡತಿ ಅಂಗಡಿಯ ಕ್ಯಾಲೆಂಡರ್ ನೋಡಿ. ಎಲ್ಲೋ ಒಂದು ಕಡೆ ಈ ಎರಡು ಪದ ಇದ್ದೇ ಇರುತ್ತವೆ. ಬೀದರ್, ಯಾದಗಿರಿಯಲ್ಲೂ ಇದೇ ಕಥೆ. ಬಸವ ಜಯಂತಿ ಹತ್ತಿರ ಬಂತೆಂದರೆ ಮಾಸ್ತರಿಕೆ ಮಾಡುವ ನನ್ನಂಥವರಿಗೆ ಪ್ರಶ್ನೆಗಳ ಸುರಿಮಳೆ. ಭಾಷಣ ಬರೆಯುವ ಹುಡುಗರು, ಬ್ಯಾನರ್ ಮಾಡಿಸುವವರು, ಸುಮ್ನೆ ಕುತೂಹಲ ಇರುವವರು, ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವನ್ನೇ.

ಈ ಮಾತಿನ ಅರ್ಥ ಒಂದೇ ಸಾಲಿನಲ್ಲಿ ಹೇಳಿ.

ಮೈಮುರಿದು, ಮನಸ್ಸು ಚೊಕ್ಕ ಇಟ್ಟುಕೊಂಡು, ನಾಲ್ಕು ಜನಕ್ಕೆ ಉಪಯೋಗ ಆಗುವ ಹಾಗೆ ಮಾಡುವ ದುಡಿಮೆಯೇ ಕೈಲಾಸ. ಸತ್ತ ಮೇಲೆ ಹೋಗಿ ಸೇರುವ ಬೇರೆ ಕೈಲಾಸ ಬೇಕಿಲ್ಲ.

ಎರಡನೆಯ ಭಾಗವನ್ನು ಜನ ಬಿಟ್ಟುಬಿಡುತ್ತಾರೆ. 'ಚೆನ್ನಾಗಿ ಕೆಲಸ ಮಾಡಿದರೆ ಕೈಲಾಸ ಸಿಗುತ್ತದೆ' ಎಂದು ಹೇಳುವವರೇ ಜಾಸ್ತಿ. ವಚನದಲ್ಲಿ 'ಸಿಗುತ್ತದೆ' ಎಂಬ ಮಾತೇ ಇಲ್ಲ. ಇವತ್ತು ಕೂಲಿ ಮಾಡು, ನಾಳೆ ಮೇಲೆ ಸಂಬಳ ಕೊಡುತ್ತೇನೆ ಎಂಬ ಕರಾರೂ ಅಲ್ಲಿಲ್ಲ. ಕೆಲಸ ನಡೆಯುವ ಜಾಗದಲ್ಲೇ, ನಡೆಯುವ ಹೊತ್ತಿನಲ್ಲೇ ಕೈಲಾಸ ಇದೆ. ಬಸವಣ್ಣನವರ 'ದೇವಲೋಕ ಮರ್ತ್ಯಲೋಕವೆಂಬುದು ಬೇರಿಲ್ಲ ಕಾಣಿರೋ' ವಚನವನ್ನು ಇದರ ಪಕ್ಕ ಇಟ್ಟು ಓದಿ. ಸತ್ಯ ನುಡಿಯುವುದೇ ದೇವಲೋಕ, ಆಚಾರವೇ ಸ್ವರ್ಗ ಎನ್ನುತ್ತಾರೆ ಅವರು. ಶರಣರೆಲ್ಲ ಸೇರಿ ಸ್ವರ್ಗವನ್ನು ಮೇಲಿನಿಂದ ಇಳಿಸಿ ಓಣಿಗೆ ತಂದಿದ್ದರು.

ಇದು ಬಸವಣ್ಣನವರ ವಚನ ಅಲ್ವಾ?

ಅಲ್ಲ. ನೂರು ಬ್ಯಾನರ್‌ನಲ್ಲಿ ತೊಂಬತ್ತರ ಮೇಲೆ ಬಸವಣ್ಣನವರ ಚಿತ್ರದ ಕೆಳಗೇ ಇದು ಅಚ್ಚಾಗಿರುತ್ತದೆ, ನಿಜ. ಆದರೆ ಮಾತು ಆಯ್ದಕ್ಕಿ ಮಾರಯ್ಯನದು. ಅಂಕಿತ, ಅಂದರೆ ವಚನದ ಕೊನೆಗೆ ಗುರುತಿನಂತೆ ಬರುವ ದೇವರ ಹೆಸರು, ನೋಡಿದರೆ ಗೊತ್ತಾಗುತ್ತದೆ. ಬಸವಣ್ಣನವರದು ಕೂಡಲಸಂಗಮದೇವ. ಈ ವಚನದಲ್ಲಿ ಬರುವುದು ಅಮರೇಶ್ವರಲಿಂಗ.

ಬಸವಣ್ಣನವರಿಗೆ ಈ ವಿಚಾರ ಒಪ್ಪಿಗೆ ಇರಲಿಲ್ಲ ಎಂದು ಯಾರೂ ತಿಳಿಯಬಾರದು. ಕಾಯಕ, ದಾಸೋಹ (ದುಡಿದದ್ದನ್ನು ಹಂಚಿ ಉಣ್ಣುವುದು) ಎರಡನ್ನೂ ಕಲ್ಯಾಣದಲ್ಲಿ ಬದುಕಿನ ನಿಯಮ ಮಾಡಿದ್ದೇ ಅವರ ಬಳಗ. ಆದರೂ ಬಿಜ್ಜಳನ ಭಂಡಾರ ನೋಡಿಕೊಂಡಿದ್ದ ದೊಡ್ಡ ಅಧಿಕಾರಿ 'ದುಡಿಮೆಯೇ ಕೈಲಾಸ' ಎನ್ನುವುದಕ್ಕೂ, ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ಬದುಕುವವನು ಅದೇ ಮಾತು ಹೇಳುವುದಕ್ಕೂ ಬಹಳ ಫರಕಿದೆ. ಹೇಳಿದವನು ಯಾರು ಎಂದು ಗೊತ್ತಾದ ಮೇಲೆ ಮಾತಿನ ತೂಕವೇ ಬದಲಾಗುತ್ತದೆ. ಹಾಗಾಗಿ ಹೆಸರು ಸರಿಮಾಡುವುದು ಬರೀ ಪಂಡಿತರ ತಕರಾರು ಅಂತ ನನಗೆ ಅನ್ನಿಸುವುದಿಲ್ಲ.

ಪೂರ್ತಿ ವಚನ ಯಾವುದು?

ಹೀಗಿದೆ:

ಕಾಯಕದಲ್ಲಿ ನಿರತನಾದಡೆ
ಗುರುದರ್ಶನವಾದಡೂ ಮರೆಯಬೇಕು,
ಲಿಂಗಪೂಜೆಯಾದಡೂ ಮರೆಯಬೇಕು,
ಜಂಗಮ ಮುಂದಿದ್ದಡೂ ಹಂಗು ಹರಿಯಬೇಕು.
ಕಾಯಕವೇ ಕೈಲಾಸವಾದ ಕಾರಣ
ಅಮರೇಶ್ವರಲಿಂಗವಾಯಿತ್ತಾದಡೂ ಕಾಯಕದೊಳಗು.

ಕೆಲಸದಲ್ಲಿ ಮುಳುಗಿರುವಾಗ ಗುರುವೇ ಬಂದರೂ ಮರೆ, ಲಿಂಗಪೂಜೆಯ ಹೊತ್ತಾದರೂ ಮರೆ, ಜಂಗಮ, ಅಂದರೆ ಊರೂರು ತಿರುಗುವ ಶಿವಯೋಗಿ, ಎದುರಿಗೆ ನಿಂತಿದ್ದರೂ ಅವನ ಹಂಗು ಕಡಿದುಕೊ. ಕಾರಣ ಏನು? ಕಾಯಕವೇ ಕೈಲಾಸ. ಕೊನೆಯ ಸಾಲು ಇನ್ನೂ ಗಟ್ಟಿ. ಅಮರೇಶ್ವರಲಿಂಗ, ಅಂದರೆ ಮಾರಯ್ಯನ ಸ್ವಂತ ದೇವರು, ಅವನೂ ಕಾಯಕದ ಒಳಗೇ ಬರುತ್ತಾನೆ. ದೇವರು ದೊಡ್ಡವನು, ಅವನ ಕೆಳಗೆ ಕೆಲಸ ಎಂಬ ಲೆಕ್ಕ ಇಲ್ಲಿ ತಿರುಗಿಹೋಗಿದೆ.

ನಾವು ಬ್ಯಾನರ್‌ಗೆ ಎತ್ತಿಕೊಂಡಿದ್ದು ಐದನೆಯ ಸಾಲಿನ ಎರಡು ಪದ ಮಾತ್ರ. ಉಳಿದದ್ದನ್ನು ಅಚ್ಚು ಹಾಕಿಸಲು ಬಹಳ ಜನಕ್ಕೆ ಧೈರ್ಯ ಸಾಲುವುದಿಲ್ಲವೇನೋ. ವೇದಿಕೆ ಮೇಲೆ ಸ್ವಾಮಿಗಳು ಕೂತಿರುವಾಗ 'ಗುರುದರ್ಶನವಾದಡೂ ಮರೆಯಬೇಕು' ಎಂದು ಹಿಂದೆ ಬರೆಸಿ ನೋಡಿ!

ಆಯ್ದಕ್ಕಿ ಅಂದರೇನು? ಮಾರಯ್ಯ ಯಾವ ಊರಿನವನು?

ಆಯ್ದ ಅಕ್ಕಿ, ಆಯ್ದಕ್ಕಿ. ಅದೇ ಅವನ ಕಾಯಕ. ಮಾರಯ್ಯ ಮತ್ತು ಅವನ ಹೆಂಡತಿ ಲಕ್ಕಮ್ಮ ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರದವರು. 12ನೇ ಶತಮಾನದಲ್ಲಿ ಕಲ್ಯಾಣದ ಸುದ್ದಿ ಕೇಳಿ ಇಬ್ಬರೂ ಬಂದರು. ಕಲ್ಯಾಣ ಎಂದರೆ ನಮ್ಮ ಬೀದರ್ ಜಿಲ್ಲೆಯ ಈಗಿನ ಬಸವಕಲ್ಯಾಣ. ಅಲ್ಲಿ ಬಸವಣ್ಣನವರ ಮಹಾಮನೆಯಲ್ಲಿ ದಿನವೂ ದಾಸೋಹ. ಅಷ್ಟು ಜನಕ್ಕೆ ಅಕ್ಕಿ ಅಳೆಯುವಾಗ, ಕೇರುವಾಗ, ಒಯ್ಯುವಾಗ ಅಂಗಳದಲ್ಲಿ ಒಂದಿಷ್ಟು ಚೆಲ್ಲುತ್ತಿತ್ತು. ಮಾರಯ್ಯ ಅದನ್ನು ಆಯ್ದು ಮನೆಗೆ ತರುತ್ತಿದ್ದ. ಲಕ್ಕಮ್ಮ ಅದರಲ್ಲೇ ಅಡುಗೆ ಮಾಡಿ ಜಂಗಮರಿಗೆ ಬಡಿಸಿ, ಉಳಿದದ್ದು ತಾವು ಉಣ್ಣುತ್ತಿದ್ದರು. ಬಡತನದಲ್ಲೂ ಅವರ ಮನೆಯಲ್ಲಿ ದಾಸೋಹ ನಿಲ್ಲಲಿಲ್ಲ.

ಇದು ಎಂಥ ಕೆಲಸ ಎಂದು ಕಣ್ಣಾರೆ ನೋಡಬೇಕೆಂದರೆ ಸಂಕ್ರಾಂತಿ ಆಸುಪಾಸಿನಲ್ಲಿ ಕಲಬುರಗಿಯ ಗಂಜ್‌ಗೆ ಹೋಗಿ. ತೊಗರಿ ಬರುವ ಕಾಲ. ಲಾರಿಯಿಂದ ಹಮಾಲರು ಚೀಲ ಇಳಿಸುತ್ತಿರುತ್ತಾರೆ. ಕೊಕ್ಕೆ ಹಾಕಿದ ಕಡೆ ಚೀಲ ಹರಿದು ಕಾಳು ಸಣ್ಣಗೆ ಸುರಿಯುತ್ತದೆ. ತೂಕದ ಕಾಟಾ ಸುತ್ತ ಒಂದಿಷ್ಟು ಚೆಲ್ಲಿರುತ್ತದೆ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಹೆಂಗಸರು ಕಸಬರಿಗೆಯಿಂದ ಅದನ್ನು ಗುಡಿಸಿ ಗುಡ್ಡೆ ಮಾಡುತ್ತಾರೆ. ಮೊರದಲ್ಲಿ ಹಾಕಿ ಕೇರುತ್ತಾರೆ. ಹೊಟ್ಟು ಗಾಳಿಗೆ ಹಾರುತ್ತದೆ, ಧೂಳು ಮುಖಕ್ಕೆ ಬಡಿಯುತ್ತದೆ, ಆಮೇಲೆ ಕೂತು ಒಂದೊಂದೇ ಕಲ್ಲು ಹೆಕ್ಕಿ ಬಿಸಾಡುತ್ತಾರೆ. ಬೆನ್ನು ನೆಟ್ಟಗೆ ಮಾಡಲು ಎದ್ದು ನಿಂತಾಗ ಕೈ ಸೊಂಟಕ್ಕೆ ಹೋಗುತ್ತದೆ. 'ಕಾಯಕವೇ ಕೈಲಾಸ' ಎಂದು ಹೇಳಿದವನು ಇಂಥ ಕೆಲಸ ಮಾಡುತ್ತಿದ್ದವನು.

ಲಕ್ಕಮ್ಮನ ಕಥೆ ಏನು? ಬರೀ ಹೆಂಡತಿ ಅಂತ ಹೆಸರು ಬರುತ್ತದಾ?

ಖರೇ ಹೇಳಬೇಕೆಂದರೆ ಈ ಕಥೆಯ ಯಜಮಾನಿ ಆಕೆಯೇ. ಆಕೆಯೂ ವಚನಕಾರ್ತಿ. 'ಮಾರಯ್ಯಪ್ರಿಯ ಅಮರೇಶ್ವರಲಿಂಗ' ಆಕೆಯ ಅಂಕಿತ. ಗಂಡನಿಗಿಂತ ಆಕೆಯ ವಚನಗಳೇ ನನಗೆ ಹೆಚ್ಚು ಖಾರ ಅನ್ನಿಸುತ್ತವೆ.

ಮೊದಲ ಪ್ರಸಂಗ. ಮಾರಯ್ಯ ಒಂದು ದಿನ ಶರಣರ ನಡುವೆ ಅನುಭಾವದ ಮಾತಿನಲ್ಲಿ ಕೂತುಬಿಟ್ಟ. ಮಾತು ಸಿಹಿಯಾಗಿತ್ತು, ಹೊತ್ತು ಹೋಯಿತು. ಲಕ್ಕಮ್ಮ ನೆನಪು ಮಾಡಿದಳು: 'ಕಾಯಕ ನಿಂದಿತ್ತು ಹೋಗಯ್ಯಾ ಎನ್ನಾಳ್ದನೆ.' ಕೆಲಸ ನಿಂತುಹೋಗಿದೆ, ಏಳಿ, ಹೋಗಿ. ದೇವರ ಬಗ್ಗೆ ಚರ್ಚೆ ನಡೆಯುತ್ತಿತ್ತು ಎಂಬ ನೆಪ ಆಕೆಯ ಮುಂದೆ ನಡೆಯಲಿಲ್ಲ.

ಎರಡನೆಯದು ಇನ್ನೂ ದೊಡ್ಡದು. ಹೀಗೆ ಎಬ್ಬಿಸಿಕೊಂಡು ಓಡಿದ ಮಾರಯ್ಯ ಆವತ್ತು ದಿನಕ್ಕಿಂತ ಜಾಸ್ತಿ ಅಕ್ಕಿ ತಂದ. ಯಾವ ಮನೆಯಲ್ಲಾದರೂ ಹೆಂಡತಿ ಖುಷಿಪಡಬೇಕಲ್ವಾ? ಲಕ್ಕಮ್ಮ ಕೇಳಿದ್ದು, 'ಈಸಕ್ಕಿಯಾಸೆ ನಿಮಗೇಕೆ?' ಆಸೆ ಎಂಬುದು ಅರಸರಿಗೆ, ಶಿವಭಕ್ತರಿಗೆ ಉಂಟೇ? ಇಷ್ಟು ಅಕ್ಕಿಯನ್ನು ಈಶ್ವರ ಒಪ್ಪುವುದಿಲ್ಲ. ಒಂದು ಮನಸ್ಸಿನಿಂದ ತರುವುದು ಬಿಟ್ಟು ಎರಡು ಮನಸ್ಸಿನಿಂದ ತಂದಿದ್ದೀರಿ, ಇದು ನಿಮ್ಮ ಆಸೆಯೋ, ಇಲ್ಲಾ ಬಸವಣ್ಣನ ಅನುಮಾನದ ಚಿತ್ತವೋ? ಇದು ದೇವರಿಗೆ 'ಸಲ್ಲದ ಬೋನ' (ಬೋನ ಎಂದರೆ ಅನ್ನ), 'ಅಲ್ಲಿಯೆ ಸುರಿದು ಬನ್ನಿ ಮಾರಯ್ಯಾ.'

ಸ್ವಲ್ಪ ನಿಂತು ನೋಡಿ. ಆ ಅಕ್ಕಿ ಕದ್ದದ್ದಲ್ಲ. ನೆಲಕ್ಕೆ ಬಿದ್ದದ್ದು, ಆಯ್ದರೆ ಕೇಳುವವರಿಲ್ಲ. ಆದರೂ ಇವತ್ತಿಗೆ ಬೇಕಾದದ್ದಕ್ಕಿಂತ ಒಂದು ಹಿಡಿ ಜಾಸ್ತಿ ಬಂತೆಂದರೆ ಅದು ಕಾಯಕದ ಅಕ್ಕಿ ಅಲ್ಲ, ಆಸೆಯ ಅಕ್ಕಿ. ಅಷ್ಟೇ ಅಲ್ಲ, ಕಲ್ಯಾಣದ ದೊಡ್ಡ ಮನುಷ್ಯ ಬಸವಣ್ಣನ ಮೇಲೂ ಆಕೆಗೆ ಅನುಮಾನ. ನಮ್ಮ ಬಡತನ ನೋಡಿ ಅವರೇನಾದರೂ ಬೇಕೆಂದೇ ಚೆಲ್ಲಿಸಿದರೋ? ಹಾಗಿದ್ದರೆ ಅದು ಕಾಯಕವಲ್ಲ, ದಾನ. ದಾನ ತಮಗೆ ಬೇಡ.

ಗಂಡ ತಲೆಬಾಗಿ ಒಪ್ಪಿದ, ಅಕ್ಕಿ ವಾಪಸ್ ಹೋಯಿತು ಎಂದು ಕಥೆ ಹೇಳುತ್ತದೆ. 15–16ನೇ ಶತಮಾನದ ಹೊತ್ತಿಗೆ ರೂಪುಗೊಂಡ ಶೂನ್ಯಸಂಪಾದನೆಯ ಪರಂಪರೆಯಲ್ಲಿ ಈ ವಚನಗಳನ್ನೆಲ್ಲ ಪೋಣಿಸಿ ಸಂಭಾಷಣೆಯ ಹಾಗೆ ಕಟ್ಟಿದ್ದಾರೆ. ನಾವು ಕೇಳುವ ಕಥೆಯ ರೂಪ ಹೆಚ್ಚಾಗಿ ಅಲ್ಲಿಂದ ಬಂದದ್ದು.

ಹಾಗಾದರೆ ಪೂಜೆ ಬೇಡ ಅಂತ ಅರ್ಥವೇ?

ಬೇಡ ಎಂದಿಲ್ಲ. ಮಾರಯ್ಯ, ಲಕ್ಕಮ್ಮ ಇಬ್ಬರೂ ಲಿಂಗಪೂಜೆ ಮಾಡುವವರೇ, ಜಂಗಮರಿಗೆ ಬಡಿಸುವವರೇ. ಮಾತು ಇರುವುದು ಕೆಲಸದ ಹೊತ್ತಿನ ಬಗ್ಗೆ. ಮುಂದೆ ಕಾಯಕ ಇರುವಾಗ ಪೂಜೆಯ ನೆಪ ಹೇಳಿ ಅದರಿಂದ ತಪ್ಪಿಸಿಕೊಳ್ಳಬೇಡ.

ಹಗ್ಗ ಹೊಸೆಯುವ ನುಲಿಯ ಚಂದಯ್ಯನ ಕಥೆ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಕೆರೆಯಲ್ಲಿ ಹುಲ್ಲು ಕೊಯ್ಯುವಾಗ ಅವನ ಕೊರಳಿನ ಇಷ್ಟಲಿಂಗ ಜಾರಿ ನೀರಿಗೆ ಬಿತ್ತಂತೆ. ಬೇರೆ ಯಾರಾದರೂ ಆಗಿದ್ದರೆ ಎದೆ ಬಡಿದುಕೊಳ್ಳುತ್ತಿದ್ದರು. ಚಂದಯ್ಯ ಹುಲ್ಲು ಹೊತ್ತುಕೊಂಡು ನಡೆದೇಬಿಟ್ಟ. ಜಂಗಮರ ದಾಸೋಹಕ್ಕೆ ಹೊತ್ತಾಗುತ್ತದಲ್ಲ! ಕಡೆಗೆ ಲಿಂಗವೇ ಬೆನ್ನುಹತ್ತಿ ಬಂತು. ಮಡಿವಾಳ ಮಾಚಯ್ಯ ನಡುವೆ ಬಂದು ರಾಜಿ ಮಾಡಿಸಿದ. ಚಂದಯ್ಯ ಹಾಕಿದ ಷರತ್ತು ಏನು ಗೊತ್ತಾ? ಲಿಂಗವೂ ದುಡಿಯಬೇಕು. ಗುರುವಾಗಲಿ, ಲಿಂಗವಾಗಲಿ, ಜಂಗಮವಾಗಲಿ, ಕಾಯಕದಿಂದಲೇ ಬಿಡುಗಡೆ ಎಂದು ಅವನ ವಚನವೂ ಹೇಳುತ್ತದೆ. ಬಸವಕಲ್ಯಾಣದಲ್ಲಿ ಇಂದಿಗೂ ಅವನ ಹೆಸರಿನ ಗವಿ ಇದೆ.

ಯಾವ ಕೆಲಸ ಮಾಡಿದರೂ ಕಾಯಕವೇ? ಮಟ್ಕಾ ಬರೆಯುವವನೂ 'ಕಾಯಕವೇ ಕೈಲಾಸ' ಅನ್ನಬಹುದಾ?

ಬೋರ್ಡ್ ಹಾಕಿಕೊಳ್ಳಬಹುದು, ಕಾಯಕ ಆಗುವುದಿಲ್ಲ. ಶರಣರು ಕೆಲಸದಲ್ಲಿ ಮೇಲು ಕೀಳು ನೋಡಲಿಲ್ಲ ಎಂಬುದು ನಿಜ. ಹಗ್ಗ ಹೊಸೆಯುವವನು, ಬಟ್ಟೆ ಒಗೆಯುವವನು, ದೋಣಿ ನಡೆಸುವವನು, ಚಪ್ಪಲಿ ಹೊಲಿಯುವವನು, ನೇಯುವವನು, ಎಲ್ಲರೂ ಒಂದೇ ಸಾಲಿನಲ್ಲಿ ಕೂತರು. ಯಾದಗಿರಿಯವರಿಗೆ ಹೆಮ್ಮೆಯ ಸಂಗತಿ ಒಂದಿದೆ. ಬಸವಣ್ಣನವರಿಗಿಂತ ಮುಂಚಿನವನೆಂದು ಬಹಳ ವಿದ್ವಾಂಸರು ಹೇಳುವ ದೇವರ ದಾಸಿಮಯ್ಯ, ಸುರಪುರ ಸೀಮೆಯ ಮುದನೂರಿನ ನೇಕಾರ. ಮಗ್ಗದ ಮುಂದೆ ಕೂತವನೇ ವಚನ ಬರೆದ.

ಆದರೆ ಕೆಲಸದ ಜಾತಿ ನೋಡದವರು ಕೆಲಸದ ಮೈಲಿಗೆ ನೋಡದೆ ಬಿಡಲಿಲ್ಲ. ಇನ್ನೊಬ್ಬರ ಮನೆ ಹಾಳು ಮಾಡಿ ಬಂದ ದುಡ್ಡು ಅವರ ದಾಸೋಹಕ್ಕೆ ನಡೆಯುತ್ತಿರಲಿಲ್ಲ. ಒಂದು ಕೆಲಸ ಕಾಯಕವೋ ಅಲ್ಲವೋ ಎಂದು ನೋಡಲು ಮೂರು ಪ್ರಶ್ನೆ ಸಾಕು ಎನ್ನುತ್ತೇನೆ ನಾನು. ಮೈಯೋ ಬುದ್ಧಿಯೋ ನಿನ್ನದೇ ಸವೆದಿದೆಯಾ? ಯಾರಿಗೂ ಮೋಸ ಆಗಿಲ್ಲವಾ? ಬಂದದ್ದರಲ್ಲಿ ಬೇರೆಯವರಿಗೂ ಪಾಲಿದೆಯಾ? ಮೂರನೆಯದರಲ್ಲಿ ನಾವು ಬಹಳ ಜನ ಫೇಲು.

ಲಂಚದ ಬಗ್ಗೆ ಶರಣರು ಏನಾದರೂ ಹೇಳಿದ್ದಾರಾ?

ಹೇಳಿದ್ದಾರೆ, ಅದೂ ಕಸ ಗುಡಿಸುವ ಕಾಯಕದ ಹೆಣ್ಣುಮಗಳು. ಸತ್ಯಕ್ಕನ ವಚನ ನೋಡಿ: 'ಲಂಚವಂಚನಕ್ಕೆ ಕೈಯಾನದ ಭಾಷೆ.' ಬಟ್ಟೆಯಲ್ಲಿ, ಅಂದರೆ ದಾರಿಯಲ್ಲಿ, ಹೊನ್ನು ವಸ್ತ್ರ ಬಿದ್ದಿದ್ದರೂ ಕೈಮುಟ್ಟಿ ಎತ್ತಿದರೆ ನಿಮ್ಮಾಣೆ, ನಿಮ್ಮ ಪ್ರಮಥರಾಣೆ ಎಂದು ಶಪಥ ಮಾಡುತ್ತಾಳೆ. ದಿನಾ ಕಸ ಗುಡಿಸುವವಳ ಬಾಯಲ್ಲಿ ಈ ಮಾತು ಬಂದಿದೆ ಎಂಬುದನ್ನು ಮರೆಯಬೇಡಿ. ನೆಲಕ್ಕೆ ಬಿದ್ದದ್ದು ಮೊದಲು ಕಣ್ಣಿಗೆ ಬೀಳುವುದೇ ಅವಳಿಗೆ.

ಕಚೇರಿಗಳಲ್ಲಿ ಗೋಡೆಗೆ ಒಂದು ವಚನ ಹಾಕಬೇಕೆಂದಿದ್ದರೆ 'ಕಾಯಕವೇ ಕೈಲಾಸ'ದ ಪಕ್ಕ ಇದನ್ನೂ ಹಾಕಿ. ಪಹಣಿ ತಿದ್ದುಪಡಿಗೆ ಅಂತ ಅಲೆದಾಡುವ ರೈತರು ನಿಂತು ಓದಿಕೊಂಡಾದರೂ ಹೊತ್ತು ಕಳೆಯುತ್ತಾರೆ.

ನಮ್ಮ ಸಾಹೇಬ್ರು ರಜಾ ಕೇಳಿದ್ರ 'ಕಾಯಕವೇ ಕೈಲಾಸ' ಅಂತಾರ. ಪಗಾರ ಕೇಳಿದ್ರೂ ಅದನ್ನೇ ಅಂತಾರ. ಏನ್ ಹೇಳ್ಬೇಕ್ರಿ?

ಈ ಪ್ರಶ್ನೆ ಬಹಳ ಕಡೆಯಿಂದ ಬರುತ್ತದೆ. ಬಟ್ಟೆ ಅಂಗಡಿಯ ಹುಡುಗರು, ಖಾಸಗಿ ಶಾಲೆಯ ಟೀಚರಮ್ಮಂದಿರು, ಆಸ್ಪತ್ರೆಯ ರಾತ್ರಿ ಪಾಳಿಯವರು, ಎಲ್ಲರದೂ ಇದೇ ಗೋಳು. ಒಂಬತ್ತು ನೂರು ವರ್ಷದ ಈ ಮಾತಿಗೆ ನಮ್ಮ ಕಾಲದಲ್ಲಿ ಆಗಿರುವ ದೊಡ್ಡ ಅನ್ಯಾಯ ಅಂದರೆ ಇದೇ.

ವಚನ ಮತ್ತೊಮ್ಮೆ ಓದಿ. 'ನೀನು ದುಡಿ' ಎಂದು ಯಾರಿಗೂ ಯಾರೂ ಹುಕುಂ ಮಾಡಿಲ್ಲ. ದುಡಿಯುವವನು ತನ್ನ ದುಡಿಮೆಯ ಬಗ್ಗೆ ತಾನೇ ಹೇಳಿದ ಮಾತು ಅದು. ಗುರು, ಜಂಗಮ ಎಂದರೆ ಅವನ ಕಾಲದ ದೊಡ್ಡವರು. ಅವರು ಎದುರು ನಿಂತರೂ ನನ್ನ ಕೆಲಸ ನಿಲ್ಲುವುದಿಲ್ಲ, ಅವರ ಹಂಗಿನಲ್ಲಿ ನಾನಿಲ್ಲ ಎನ್ನುತ್ತಾನೆ. ಕೆಳಗೆ ಕೂತವನು ಮೇಲೆ ನೋಡಿ ಆಡಿದ ಮಾತನ್ನು ನಾವು ಮೇಲೆ ಕೂತವರು ಕೆಳಗಿನವರಿಗೆ ಹೇಳುವ ಉಪದೇಶ ಮಾಡಿಕೊಂಡಿದ್ದೇವೆ.

ಇನ್ನು ಪಗಾರ. ದುಡಿದದ್ದಕ್ಕೆ ತಕ್ಕಷ್ಟು ಕೇಳುವುದು ಆಸೆ ಅಲ್ಲ. ಲಕ್ಕಮ್ಮ ಬೇಡ ಎಂದದ್ದು ಅವತ್ತಿನ ಅಗತ್ಯಕ್ಕಿಂತ ಜಾಸ್ತಿ ಬಂದ ಅಕ್ಕಿಯನ್ನು. ದಿನದ ಅಕ್ಕಿಯನ್ನೇ ಬಿಟ್ಟುಬಿಡಿ ಎಂದು ಆಕೆ ಹೇಳಲಿಲ್ಲ, ಹಾಗೆ ಹೇಳಿದ್ದರೆ ದಾಸೋಹವೇ ನಿಲ್ಲುತ್ತಿತ್ತು. ಹಾಗೆ ನೋಡಿದರೆ ಲಕ್ಕಮ್ಮನ ಪ್ರಶ್ನೆ ಮಾಲೀಕರಿಗೇ ಸರಿಯಾಗಿ ತಾಗುತ್ತದೆ. 'ಈಸಕ್ಕಿಯಾಸೆ ನಿಮಗೇಕೆ?'

ಸಾಹೇಬರ ಮುಖಕ್ಕೆ ಹೀಗೆಲ್ಲ ಹೇಳಿ ಎಂದು ನಾನು ಹೇಳುವುದಿಲ್ಲ, ನಿಮ್ಮ ಹೊಟ್ಟೆಪಾಡು ನಿಮಗೆ ಗೊತ್ತು. ನಗುನಗುತ್ತಾ 'ಸರ್, ಇದರ ಜೋಡಿ ದಾಸೋಹ ಅಂತನೂ ಒಂದದ ಅಲ್ರಿ' ಎಂದು ನೆನಪು ಮಾಡಬಹುದು.

ದಾಸೋಹಕ್ಕೂ ಈ ಮಾತಿಗೂ ಏನು ಸಂಬಂಧ?

ಕಾಯಕ ಗಳಿಸುವ ದಾರಿ, ದಾಸೋಹ ಹಂಚುವ ದಾರಿ. ಒಂದು ಬಿಟ್ಟು ಇನ್ನೊಂದು ನಿಲ್ಲುವುದಿಲ್ಲ. ಗಳಿಸಿ ಕೂಡಿಡುವುದಷ್ಟೇ ಆದರೆ ಅದು ವ್ಯಾಪಾರ.

ಕಲಬುರಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶರಣಬಸವೇಶ್ವರರು (1746–1822) ಜೇವರ್ಗಿ ತಾಲೂಕಿನ ಅರಳಗುಂಡಗಿಯವರು. ಒಕ್ಕಲುತನದ ಮನೆ. ಬೆಳೆದದ್ದನ್ನು ಹಸಿದವರಿಗೆ ಹಾಕುತ್ತಾ ಹಾಕುತ್ತಾ ಮಹಾದಾಸೋಹಿ ಎಂದೇ ಹೆಸರಾದರು. ಅವರ ಗುಡಿ, ಜಾತ್ರೆಯ ತೇರು ನಮಗೆಲ್ಲ ಗೊತ್ತು. ಶಾಲೆಯ ಬಿಸಿಯೂಟಕ್ಕೆ ಸರ್ಕಾರ ಅಕ್ಷರ ದಾಸೋಹ ಎಂದು ಹೆಸರಿಟ್ಟಿತಲ್ಲ, ಅದು 2002ರಲ್ಲಿ ಮೊದಲು ಶುರುವಾಗಿದ್ದೂ ಬೀದರ್, ಕಲಬುರಗಿ ಸೇರಿದ ಈ ಕಡೆಯ ಜಿಲ್ಲೆಗಳಲ್ಲೇ.

ಭಗವದ್ಗೀತೆಯ 'ಕರ್ಮಣ್ಯೇವಾಧಿಕಾರಸ್ತೇ'ಯೂ ಇದನ್ನೇ ಹೇಳುತ್ತದೆಯಲ್ವಾ?

ಹತ್ತಿರ ಇದೆ, ಆದರೆ ಒಂದೇ ಅಲ್ಲ. ಗೀತೆಯ 2ನೇ ಅಧ್ಯಾಯದ 47ನೇ ಶ್ಲೋಕ ಕೆಲಸ ಮಾಡುವುದಷ್ಟೇ ನಿನ್ನ ಹಕ್ಕು, ಫಲದ ಮೇಲೆ ಹಕ್ಕಿಲ್ಲ ಎನ್ನುತ್ತದೆ. ಫಲದ ಆಸೆ ಬಿಡು ಎಂಬಲ್ಲಿ ಲಕ್ಕಮ್ಮನೂ ತಲೆದೂಗುತ್ತಿದ್ದಳು. ಫರಕು ಬರುವುದು ಬೇರೆ ಕಡೆ. ಗೀತೆಯಲ್ಲಿ ಯಾರು ಯಾವ ಕೆಲಸ ಮಾಡಬೇಕು ಎಂಬುದಕ್ಕೆ ವರ್ಣದ ಲೆಕ್ಕ ಇದೆ. ತನ್ನ ಧರ್ಮ ಕುಂದಾಗಿದ್ದರೂ ಪರಧರ್ಮಕ್ಕಿಂತ ಮೇಲು ಎಂಬ ಮಾತು 3ನೇ ಅಧ್ಯಾಯದಲ್ಲಿ ಬರುತ್ತದೆ. ಕಲ್ಯಾಣದಲ್ಲಿ ಹುಟ್ಟಿಗೂ ಕಾಯಕದ ಗೌರವಕ್ಕೂ ಇದ್ದ ಗಂಟನ್ನೇ ಬಿಚ್ಚಿಹಾಕಿದರು. ಫಲವನ್ನೂ ಸುಮ್ಮನೆ ಬಿಡಲಿಲ್ಲ, ತಂದು ಹಂಚಿದರು.

'ವರ್ಕ್ ಈಸ್ ವರ್ಶಿಪ್' ಅಂದರೂ ಇದೇ ತಾನೇ? ವಿಧಾನಸೌಧದ ಮೇಲಿರುವುದೂ?

ಇಂಗ್ಲಿಷ್ ಮಾತು ಕೆಲಸವನ್ನು ಪೂಜೆಯ ಸಮಕ್ಕೆ ತರುತ್ತದೆ. ಮಾರಯ್ಯ ಪೂಜೆಯನ್ನೇ ಮರೆಯಬೇಕು ಎಂದ. ಅವನದು ಒಂದು ಮೆಟ್ಟಿಲು ಮೇಲೆ.

ವಿಧಾನಸೌಧದ ಮೇಲಿರುವುದು 'ಸರ್ಕಾರದ ಕೆಲಸ ದೇವರ ಕೆಲಸ'. ಅದು ಕೆಂಗಲ್ ಹನುಮಂತಯ್ಯನವರ ಕಾಲದ್ದು, ವಚನ ಅಲ್ಲ. ಎರಡನ್ನೂ ಕಲಸಿ 'ಸರ್ಕಾರದ ಕಾಯಕ ದೇವರ ಕೈಲಾಸ' ಎಂದು ಭಾಷಣ ಮಾಡುವವರೂ ಇದ್ದಾರೆ. ಚಪ್ಪಾಳೆ ಬೀಳುತ್ತದೆ.

ಇದು ಲಿಂಗಾಯತರ ಮಾತು, ಬೇರೆಯವರು ಬಳಸಬಹುದೇ?

ಬಳಸುತ್ತಲೇ ಇದ್ದಾರೆ. ಲಿಂಗಾಯತರಿಗೆ ವಚನಗಳೇ ಧರ್ಮಗ್ರಂಥ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಮಾತು ಎಂದೋ ಓಣಿಗೆ ಇಳಿದು ಎಲ್ಲರದೂ ಆಗಿದೆ. ಕಲಬುರಗಿಯ ಗ್ಯಾರೇಜಿನಲ್ಲಿ ಮಿಸ್ತ್ರಿ ಚಾಚಾ ಗಾಡಿಯ ಕೆಳಗಿನಿಂದಲೇ 'ಕಾಯಕವೇ ಕೈಲಾಸ ಅದರಿ ಅಣ್ಣಾ, ಚಾ ಆಮ್ಯಾಲೆ' ಎಂದರೆ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಕೂಲಿಯವನ ಬೆವರು ಆರುವ ಮುಂಚೆ ಅವನ ಕೂಲಿ ಕೊಡು ಎಂಬ ಹದೀಸ್ ಅವರ ಮನೆಯಲ್ಲೂ ಇದೆ. ಬೀದರಿನಲ್ಲಿ ಮೆಥೋಡಿಸ್ಟ್ ಕ್ರೈಸ್ತರು ಬಹಳ ಇದ್ದಾರೆ. ಅವರ ಬೈಬಲಿನಲ್ಲಿ ಥೆಸಲೊನೀಕದವರಿಗೆ ಬರೆದ ಎರಡನೆಯ ಪತ್ರ ತೆಗೆದು ನೋಡಿ. ಕೆಲಸ ಮಾಡಲು ಒಲ್ಲದವನು ಉಣ್ಣಲೂಬಾರದು ಎಂದಿದೆ. ಯಾರ ಗ್ರಂಥ ತೆರೆದರೂ ಮೈಗಳ್ಳರಿಗೆ ಜಾಗ ಇಲ್ಲ.

ಇಷ್ಟು ಹಳೆಯ ಮಾತು ನಮ್ಮ ತನಕ ಹೇಗೆ ಬಂತು?

ಸುಮಾರು 1167ರ ಹೊತ್ತಿಗೆ ಕಲ್ಯಾಣದಲ್ಲಿ ದೊಡ್ಡ ಗಲಭೆ ಆಯಿತು. ಬ್ರಾಹ್ಮಣರಾಗಿದ್ದ ಮಧುವರಸನ ಮಗಳನ್ನು ಸಮಗಾರ ಹರಳಯ್ಯನ ಮಗನಿಗೆ ಕೊಟ್ಟು ಮದುವೆ ಮಾಡಿದ್ದು ನೆಪವಾಯಿತು. ಶರಣರು ದಿಕ್ಕಾಪಾಲಾದರು. ಚೆನ್ನಬಸವಣ್ಣ, ಅಕ್ಕನಾಗಮ್ಮ ಮುಂತಾದವರು ಈಗಿನ ಉತ್ತರ ಕನ್ನಡ ಜಿಲ್ಲೆಯ ಉಳವಿಯ ಕಡೆ ಹೊರಟರು. ವಚನದ ಕಟ್ಟುಗಳೂ ಅವರ ಜೋಡಿ ಹೋದವು. ಆಮೇಲೆ ಶತಮಾನಗಳ ಕಾಲ ಅವು ಮಠಗಳಲ್ಲಿ, ಮನೆಗಳ ಜಗಲಿಯ ಮೇಲೆ ಓಲೆಗರಿಯಾಗಿ ಉಳಿದವು. ಕೆಲವು ಮನೆಯಲ್ಲಿ ಪೂಜೆ ಮಾಡುತ್ತಿದ್ದರೇ ಹೊರತು ಬಿಚ್ಚಿ ಓದುವವರಿರಲಿಲ್ಲ.

ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು (1880–1964) ಊರೂರು ತಿರುಗಿ ಆ ಓಲೆಗಳನ್ನು ಕೂಡಿಸಿದರು. 1923ರಲ್ಲಿ 'ವಚನಶಾಸ್ತ್ರಸಾರ' ಅಚ್ಚಾಯಿತು. ಅಚ್ಚಾದ ಮೇಲೆಯೇ ವಚನಗಳು ಶಾಲೆಯ ಪುಸ್ತಕಕ್ಕೆ, ಭಾಷಣಕ್ಕೆ, ಕ್ಯಾಲೆಂಡರಿಗೆ ಬಂದದ್ದು.

ನಮ್ಮ ಕಡೆ ಇನ್ನೊಂದು ತೊಡಕಿತ್ತು. ನಿಜಾಮರ ಆಳ್ವಿಕೆಯಲ್ಲಿ ಶಾಲೆ, ಕಚೇರಿ ಎಲ್ಲ ಉರ್ದು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು ಎಂಬುದು ಬೀದರ್ ಜಿಲ್ಲೆಯಲ್ಲಿ ಮನೆಮಾತು. ಹೀಗೆ ಕನ್ನಡ ಉಳಿದದ್ದರಿಂದ, ಕಲ್ಯಾಣದಲ್ಲಿ ಹುಟ್ಟಿದ ಮಾತನ್ನು ಕಲ್ಯಾಣದ ಮಕ್ಕಳು ಮತ್ತೆ ಓದುವಂತಾಯಿತು.

ನೋಡಲು ಎಲ್ಲಿಗೆ ಹೋಗಬೇಕು?

ಬಸವಕಲ್ಯಾಣಕ್ಕೆ. ಕಲಬುರಗಿಯಿಂದಲೂ ಬೀದರಿನಿಂದಲೂ ಹೆಚ್ಚುಕಡಿಮೆ 80 ಕಿ.ಮೀ. ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಯಲ್ಲಿ ಬರುವವರು ಸಸ್ತಾಪುರ ಬಂಗ್ಲಾದಲ್ಲಿ ಇಳಿದು ಊರೊಳಗೆ ಹೋಗಬೇಕು. ತ್ರಿಪುರಾಂತ ಕೆರೆಯ ಸುತ್ತಮುತ್ತ ಶರಣರ ಗವಿಗಳಿವೆ. ಹಳೆಯ ಅನುಭವ ಮಂಟಪ ಪಟ್ಟದ್ದೇವರು ಮುಂದೆ ನಿಂತು ಕಟ್ಟಿಸಿದ್ದು. ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. 108 ಅಡಿ ಎತ್ತರದ ಬಸವಣ್ಣನ ಮೂರ್ತಿ ದೂರದಿಂದಲೇ ಕಾಣುತ್ತದೆ. ಮೂರ್ತಿಯ ಮುಂದೆ ಫೋಟೋ ಆದ ಮೇಲೆ ಗವಿಗಳ ಕಡೆಗೂ ಹೋಗಿ. ನುಲಿಯ ಚಂದಯ್ಯನಂಥವರ ಹೆಸರು ಕೇಳುವುದು ಅಲ್ಲಿಯೇ. ಬೇಸಿಗೆಯಲ್ಲಿ ಹೋಗುವವರು ಮಧ್ಯಾಹ್ನ ತಪ್ಪಿಸಿ, ಬಿಸಿಲು ಬಡಿಯುತ್ತದೆ.

ಮಕ್ಕಳ ಭಾಷಣಕ್ಕೆ ಏನು ಬರೆಸಲಿ? ಎರಡೇ ನಿಮಿಷ ಕೊಟ್ಟಿದ್ದಾರೆ.

'ಜಗಜ್ಯೋತಿ', 'ಮಹಾಮಾನವತಾವಾದಿ' ಎಂದು ಶುರು ಮಾಡಿದರೆ ಅದರಲ್ಲೇ ಒಂದು ನಿಮಿಷ ಹೋಗುತ್ತದೆ. ಲಕ್ಕಮ್ಮ ಅಕ್ಕಿ ವಾಪಸ್ ಕಳಿಸಿದ ಕಥೆ ಹೇಳಿಸಿ. ಮಕ್ಕಳಿಗೆ ಅದು ಬೇಗ ಹಿಡಿಸುತ್ತದೆ, ಯಾಕೆಂದರೆ 'ಸಿಕ್ಕಿದ್ದನ್ನು ಯಾಕೆ ವಾಪಸ್ ಕೊಡಬೇಕು?' ಎಂದು ಅವರೇ ವಾದಕ್ಕೆ ಇಳಿಯುತ್ತಾರೆ. ಇಳಿಯಲಿ ಬಿಡಿ. ಕೊನೆಗೆ ಆರು ಸಾಲಿನ ವಚನ ಪೂರ್ತಿ ಹೇಳಿಸಿ. 'ಆದಡೂ' ಎಂಬುದನ್ನು 'ಆದರೂ' ಎಂದು ತಿದ್ದಬೇಡಿ, ಅದು ಹಳೆಗಾಲದ ರೂಪ, ತಪ್ಪಲ್ಲ.

ಬ್ಯಾನರ್ ಮಾಡಿಸುತ್ತಿದ್ದೇವೆ. ಹೇಗೆ ಬರೆಸಬೇಕು?

'ಕಾಯಕವೇ ಕೈಲಾಸ'. 'ಕಾಯಕವೆ' ಎಂದು ಗಿಡ್ಡ ಮಾಡಿದರೂ ನಡೆಯುತ್ತದೆ, ಹಳೆಯ ಪಾಠಗಳಲ್ಲಿ ಹಾಗೂ ಇದೆ. 'ಕೈಲಾಶ', 'ಕಯಕವೇ' ಮಾತ್ರ ಬೇಡ. ಡಿಟಿಪಿ ಹುಡುಗ ಅವಸರದಲ್ಲಿ ಒತ್ತು ದೀರ್ಘ ನುಂಗುತ್ತಾನೆ, ಪ್ರೂಫ್ ನೋಡದೆ ಪ್ರಿಂಟಿಗೆ ಬಿಡಬೇಡಿ. ಬಸವ ಜಯಂತಿ ಆದ್ದರಿಂದ ಬಸವಣ್ಣನವರ ಚಿತ್ರ ಇರಲಿ. ಮಾತಿನ ಕೆಳಗೆ 'ಆಯ್ದಕ್ಕಿ ಮಾರಯ್ಯ' ಎಂದು ಹಾಕಿಸಿ. ಎರಡು ಪದ ಜಾಸ್ತಿ ಆದರೆ ಫ್ಲೆಕ್ಸಿನವನು ದುಡ್ಡು ಜಾಸ್ತಿ ಕೇಳುವುದಿಲ್ಲ, ಅವನ ರೇಟು ಚದರಡಿಗೆ.